ಮಾರಿಕಣಿವೆ ರಸ್ತೆಯಲ್ಲಿ ಕೇಳಿದ ಮಾತು

ಪವಾಡ, ದರ್ಶನ, ದೆವ್ವ ಎಂದು ಯಾರಾದರೂ ಮಾತು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹದಿನೆಂಟು ವರ್ಷ ಕಾನ್ವೆಂಟಿನಲ್ಲಿ ಸಿಸ್ಟರ್ ಆಗಿದ್ದವಳು ಹೀಗೆ ಹೇಳುವುದು ನಿಮಗೆ ವಿಚಿತ್ರ ಎನಿಸಬಹುದು. ಆದರೆ ನಾನು ಮೊದಲು ನರ್ಸ್. ಮೈಮೇಲೆ ಏನೋ ಬಂದಿದೆ ಎಂದು ಕರೆತಂದ ಹೆಂಗಸರ ನಾಡಿ ಹಿಡಿದು ನೋಡಿದ್ದೇನೆ. ಒಂದೋ ಅವರಿಗೆ ರಕ್ತ ಕಡಿಮೆ ಇರುತ್ತಿತ್ತು, ಇಲ್ಲವೇ ಮನೆಯಲ್ಲಿ ಹೊಡೆತ ಜಾಸ್ತಿ ಇರುತ್ತಿತ್ತು. ಪ್ರಾರ್ಥನೆಯಿಂದ ಜ್ವರ ಬಿಟ್ಟಿತು ಎಂದವರಿಗೆ, ಬೆಳಗ್ಗೆ ರಾತ್ರಿ ನಾನೇ ನುಂಗಿಸಿದ ಮಾತ್ರೆಯನ್ನು ನೆನಪು ಮಾಡಿಕೊಡುತ್ತಿದ್ದೆ.

ಇದನ್ನು ಬರೆಯಬೇಕೆಂಬ ಆಸೆ ನನಗೆ ಇರಲಿಲ್ಲ. ಆದರೆ ನಾನು ಹೇಳಿದ್ದನ್ನು ನಮ್ಮ ಅವ್ವ ಯಾರ ಹತ್ತಿರವೋ ಬಾಯಿ ಬಿಟ್ಟಳು. ಹೋದ ವರ್ಷ ಚಿತ್ರದುರ್ಗದ ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕನೊಬ್ಬ ಮೈಕು ಹಿಡಿದು ನನ್ನ ಕಥೆಯನ್ನು ಸಾಕ್ಷಿಯೆಂದು ಹೇಳಿದ. ಅವನ ಕಥೆಯಲ್ಲಿ ಬೆಳಕು ಬಂದಿತ್ತು, ನಾನು ನೆಲಕ್ಕೆ ಬಿದ್ದು ಅತ್ತಿದ್ದೆ, ದೇವರು ನನ್ನ ಹೆಸರು ಹಿಡಿದು ಕರೆದಿದ್ದ. ಜನ ಸ್ತೋತ್ರ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಅವ್ವನ ಒತ್ತಾಯಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಬೆಳಕು ಬರಲಿಲ್ಲ. ನಾನು ಅಳಲಿಲ್ಲ. ಒಬ್ಬಳು ಮುದುಕಿಯ ರಟ್ಟೆ ಹಿಡಿದು ಅಲ್ಲಾಡಿಸಿದೆ. ನಡೆದದ್ದು ಅದು. ಸುಳ್ಳು ಹೇಳಿ ಸಾಕಾಗಿದೆ, ಅದಕ್ಕೆ ಇದ್ದ ಹಾಗೆ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮ ಮನೆ ಚಿಕ್ಕಜಾಜೂರಿನಲ್ಲಿ, ಸ್ಟೇಷನ್ನಿನ ಹಿಂದೆ. ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಊರಿಗೆಲ್ಲ ಮೂರೋ ನಾಲ್ಕೋ ಕ್ರೈಸ್ತ ಮನೆಗಳು. ತಿಂಗಳಿಗೊಮ್ಮೆ ಫಾದರ್ ಬಂದು ಯಾರದಾದರೂ ಪಡಸಾಲೆಯಲ್ಲಿ ಪೂಜೆ ಮಾಡುತ್ತಿದ್ದರು. ನಾನು ಹತ್ತೊಂಬತ್ತಕ್ಕೆ ಕಾನ್ವೆಂಟ್ ಸೇರಿದೆ, ನರ್ಸಿಂಗ್ ಓದಿದೆ, ಕೆಲವು ವರ್ಷ ಇಲ್ಲೇ ಕೆಲಸ ಮಾಡಿದೆ. ಆಮೇಲೆ ನಮ್ಮ ಸಿಸ್ಟರುಗಳ ಸಭೆಯವರು ನನ್ನನ್ನು ಆಫ್ರಿಕಾದ ಮಲಾವಿ ದೇಶಕ್ಕೆ ಕಳಿಸಿದರು. ಅಲ್ಲಿ ಹನ್ನೊಂದು ವರ್ಷ ಇದ್ದೆ.

ಮಿಶನರಿ ಎಂದರೆ ಇಲ್ಲಿನ ಜನ ಏನೇನೋ ಅಂದುಕೊಂಡಿರುತ್ತಾರೆ. ಹೊಗಳುವವರಿಗೂ ಗೊತ್ತಿಲ್ಲ, ಬೈಯುವವರಿಗೂ ಗೊತ್ತಿಲ್ಲ. ನನ್ನ ದಿನ ಹೀಗಿತ್ತು. ಬೆಳಗಿನ ನಾಲ್ಕೂವರೆಗೆ ಗಂಟೆ ಬಾರಿಸುತ್ತಿದ್ದರು. ಅರ್ಧ ನಿದ್ದೆಯಲ್ಲಿ ಪ್ರಾರ್ಥನೆ. ಏಳಕ್ಕೆ ನಮ್ಮ ಆರೋಗ್ಯ ಕೇಂದ್ರದ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯ ತುಂಬ ತಾಯಂದಿರು, ಬೆನ್ನಿಗೆ ಕಟ್ಟಿಕೊಂಡ ಮಕ್ಕಳು. ಮಾವಿನ ಮರದ ಕೊಂಬೆಗೆ ತಕ್ಕಡಿ ನೇತುಹಾಕಿ ಕೂಸುಗಳನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ತೂಕ ನೋಡುತ್ತಿದ್ದೆವು. ಮಲೇರಿಯಾ, ಹೆರಿಗೆ, ಸುಟ್ಟ ಗಾಯ, ಹಾವು ಕಚ್ಚಿದ್ದು. ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಸಂಜೆ ಮತ್ತೆ ಪ್ರಾರ್ಥನೆ. ಯಾರನ್ನೂ ಮತಕ್ಕೆ ಸೇರಿಸುವ ಪುರುಸೊತ್ತು ನನಗಿರಲಿಲ್ಲ. ಅಲ್ಲಿನವರು ನನಗಿಂತ ಮೊದಲೇ ಕ್ರೈಸ್ತರು, ನನಗಿಂತ ಎಷ್ಟೋ ಚೆನ್ನಾಗಿ ಹಾಡುವವರು. ನನ್ನ ಭಕ್ತಿ ಸರಳವಾಗಿತ್ತು. ನನ್ನ ಪಾಲಿನ ಕೆಲಸ ನಾನು ಮಾಡುತ್ತೇನೆ, ಮಿಕ್ಕದ್ದನ್ನು ಅವನು ನೋಡಿಕೊಳ್ಳುತ್ತಾನೆ. ಅಷ್ಟೇ.

ನಮ್ಮ ಅಡುಗೆಯವಳ ಹೆಸರು ಚಿಸೋಮೊ. ಅವರ ಚಿಚೇವಾ ಭಾಷೆಯಲ್ಲಿ ಹಾಗೆಂದರೆ ಕೃಪೆ. ನನಗೆ ಆ ಭಾಷೆ ಕಲಿಸಿದವಳು ಅವಳೇ. ನಾನು ಅವರ ಮುದ್ದೆಯನ್ನು ನಮ್ಮ ರಾಗಿ ಮುದ್ದೆಯ ಹಾಗೆ ಅಗಿಯದೆ ನುಂಗುವುದನ್ನು ನೋಡಿ, ಸಿಸ್ಟರ್ ಹೆಬ್ಬಾವಿನ ಹಾಗೆ ಉಣ್ಣುತ್ತಾರೆ ಎಂದು ನಗುತ್ತಿದ್ದಳು. ಅವಳ ತಾಯಿ ಅಮಾಯಿ ಫಿರಿ ವಾರ್ಡಿನಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದರು. ಅಮಾಯಿ ಎಂದರೆ ತಾಯಿ. ಆ ಕಡೆ ಹಳೆಯ ಕಾಲದ ಹೆಂಗಸರು ಏನಾದರೂ ಕೇಳಬೇಕೆಂದರೆ ಎದುರಿನವರ ಮುಂದೆ ಮಂಡಿಯೂರಿ, ಅಂಗೈಗಳನ್ನು ಬೊಗಸೆ ಮಾಡಿ ಎರಡು ಸಲ ಮೆಲ್ಲಗೆ ತಟ್ಟುತ್ತಾರೆ. ಆಮೇಲೆ ಮಾತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಅಮಾಯಿ ಫಿರಿ ನನ್ನ ಮುಂದೆ ಹೀಗೆ ಮಾಡುವುದು ಬೇಡ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವರು ಕೇಳುತ್ತಿರಲಿಲ್ಲ.

ಆರೋಗ್ಯ ಕೇಂದ್ರಕ್ಕೆ ಇದ್ದದ್ದು ಒಂದೇ ಆಂಬುಲೆನ್ಸ್ ಜೀಪು. ದೊಡ್ಡಾಸ್ಪತ್ರೆ ನಲವತ್ತು ಕಿಲೋಮೀಟರ್ ದೂರ. ಜೀಪಿನ ಕೀ ಔಷಧಿ ಕೋಣೆಯಲ್ಲಿ ಒಂದು ಮೊಳೆಗೆ ನೇತಾಡುತ್ತಿತ್ತು. ಅದರ ಜವಾಬ್ದಾರಿ ನನ್ನದು. ರೋಗಿಗಳಿಗಲ್ಲದೆ ಬೇರೆ ಯಾವ ಕೆಲಸಕ್ಕೂ ಅದನ್ನು ಕೊಡಕೂಡದು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದವಳೂ ನಾನೇ.

ಒಂದು ದಿನ ನಮ್ಮ ಮೇಲಿನ ಮದರ್ ಬಂದು ಕೀ ಕೇಳಿದರು. ಹೊರದೇಶದಿಂದ ದಾನಿಗಳು ಬರುತ್ತಿದ್ದಾರೆ, ವಿಮಾನ ನಿಲ್ದಾಣದಿಂದ ಕರೆತರಬೇಕು, ಬಾಡಿಗೆ ಕಾರು ಕೈಕೊಟ್ಟಿದೆ ಎಂದರು. ಚಿಸೋಮೊಗೆ ಆಗ ದಿನ ತುಂಬಿತ್ತು. ಅವತ್ತು ಬೆಳಗ್ಗೆಯೇ ಸೊಂಟ ನೋವೆಂದು ಬಂದಿದ್ದಳು, ಕಾಲು ಊದಿತ್ತು. ಜೀಪು ಬೇಕಾಗಬಹುದು ಎಂದು ನನಗೆ ಗೊತ್ತಿತ್ತು. ಹಾಗೆಂದು ಒಂದು ಸಲ ಹೇಳಿದೆ. ಮದರ್ ಮುಖ ಬಿಗಿದುಕೊಂಡರು. ಬೆಳಗ್ಗೆ ಬೆಳಗ್ಗೆ ಜಗಳ ಬೇಡ ಎನ್ನಿಸಿ ಮೊಳೆಯಿಂದ ಕೀ ತೆಗೆದು ಅವರ ಕೈಗಿಟ್ಟೆ. ವಿಧೇಯತೆಯ ವ್ರತ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ವ್ರತವಲ್ಲ, ಸೋಮಾರಿತನ. ಎರಡು ಮಾತು ಹೆಚ್ಚಿಗೆ ಆಡಲು ಬೇಜಾರಾಗಿತ್ತು.

ಹನ್ನೊಂದು ಗಂಟೆಗೆ ಚಿಸೋಮೊಗೆ ರಕ್ತ ಹೋಗಲು ಶುರುವಾಯಿತು. ಅಮಾಯಿ ಫಿರಿ ಔಷಧಿ ಕೋಣೆಗೆ ಓಡಿದರು. ಮೊಳೆ ಬರಿದಾಗಿತ್ತು. ಓಡಿಕೊಂಡೇ ಹೆರಿಗೆ ಕೋಣೆಗೆ ವಾಪಸು ಬಂದು, ಅಷ್ಟು ಗಾಬರಿಯಲ್ಲೂ ನನ್ನ ಮುಂದೆ ಮಂಡಿಯೂರಿ, ಎರಡು ಸಲ ಅಂಗೈ ತಟ್ಟಿ ಕೇಳಿದರು. "ಮಾಕಿಯಿ ಅಲಿ ಕುತಿ, ಸಿಸಿತೆರಿ?" ಕೀ ಎಲ್ಲಿದೆ, ಸಿಸ್ಟರ್?

"ಸಿಂದಿಕುದ್ಜಿವಾ" ಎಂದೆ. ನನಗೆ ಗೊತ್ತಿಲ್ಲ.

ಯಾಕೆ ಹಾಗೆಂದೆ ಎಂದು ನನ್ನನ್ನು ಕೇಳಬೇಡಿ. ಬಾಯಿಗೆ ಅದು ಬಂತು. ಆಕೆ ಮತ್ತೆ ಓಡಿದರು. ಜೀಪು ಹಿತ್ತಲಿನ ಶೆಡ್ಡಿನಲ್ಲೇ ಇದೆ ಎಂದುಕೊಂಡು ಅಲ್ಲಿ ಇಲ್ಲಿ ಮೇಜು ಕಪಾಟು ಹುಡುಕುವುದರಲ್ಲಿ ಹದಿನೈದು ನಿಮಿಷ ಹೋಯಿತು. ಕಡೆಗೆ ಸೈಕಲ್ಲಿಗೆ ಕಟ್ಟಿದ ಗಾಡಿಯಲ್ಲಿ ಚಿಸೋಮೊಳನ್ನು ಡಾಂಬರು ರಸ್ತೆಯವರೆಗೆ ಎಳೆದುಕೊಂಡು ಹೋಗಿ, ಅಲ್ಲಿಂದ ಒಂದು ಲಾರಿ ಹತ್ತಿಸಿದೆವು. ಲಾರಿಯಲ್ಲೇ ಅವಳ ಕೈ ತಣ್ಣಗಾಯಿತು. ಕೂಸೂ ಉಳಿಯಲಿಲ್ಲ. ನಾನು ತಿರುಗಿ ಬಂದಾಗ ದಾನಿಗಳು ಹೊಸ ನೀರಿನ ಟ್ಯಾಂಕಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮದರ್ ಮೇಲೆ ಕೂಗಾಡಿದೆ, ಮೇಲಿನವರಿಗೆ ಕಾಗದ ಬರೆದೆ. ನನಗೆ ವಿಶ್ರಾಂತಿ ಬೇಕಾಗಿದೆ ಎಂದು ತೀರ್ಮಾನಿಸಿ ಅವರು ನನ್ನನ್ನು ಆರು ತಿಂಗಳ ರಜೆಯ ಮೇಲೆ ಊರಿಗೆ ಕಳಿಸಿದರು. ಚಿಕ್ಕಜಾಜೂರಿಗೆ ಬಂದವಳು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಪಾತ್ರೆ ಕುಕ್ಕುತ್ತಿದ್ದೆ, ಬಾಗಿಲು ಬಡಿಯುತ್ತಿದ್ದೆ. ಕೊರಳಿನ ಶಿಲುಬೆ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ, ಸಿಸ್ಟರ್ ಉಡುಪು ಬಿಟ್ಟು ಅವ್ವನ ನೂಲಿನ ಸೀರೆ ಉಟ್ಟೆ. ಪ್ರಾರ್ಥನೆ ನಿಂತಿತು. ಮೇಲೆ ಯಾರಾದರೂ ಇದ್ದಾರೆ ಎಂದೇ ನನಗೆ ಅನ್ನಿಸುತ್ತಿರಲಿಲ್ಲ. "ಇಷ್ಟು ಸಿಟ್ಟು ಎಲ್ಲಿಟ್ಕಂಡಿದ್ದೆ ಮಗಳೆ, ಸಣ್ಣಾಕಿ ಇದ್ದಾಗ ಇರ್ಲಿಲ್ಲಲ್ಲ" ಎಂದು ಅವ್ವ ಕೇಳುತ್ತಿದ್ದಳು. ಕೀ ವಿಷಯವನ್ನು ಆಗಿನ್ನೂ ಅವಳಿಗೂ ಹೇಳಿರಲಿಲ್ಲ. ಆ ಸುಳ್ಳನ್ನಂತೂ ಯಾರಿಗೂ, ಪಾಪನಿವೇದನೆಯಲ್ಲಿ ಫಾದರಿಗೂ ಹೇಳಿರಲಿಲ್ಲ. ಇದನ್ನು ದಯವಿಟ್ಟು ಗಮನದಲ್ಲಿಡಿ.

ಅಷ್ಟರಲ್ಲಿ ಅಲ್ಲಿನ ಜಿಲ್ಲಾ ಆರೋಗ್ಯ ಕಚೇರಿಯವರು ಸಾವಿನ ವಿಚಾರಣೆ ಶುರು ಮಾಡಿದರು. ನಮ್ಮ ಸಭೆಯಿಂದ ನನಗೊಂದು ಹೇಳಿಕೆ ಬಂತು, ಸಹಿ ಹಾಕಿ ಕೊಡಬೇಕು ಎಂದು. ಅವತ್ತು ಜೀಪು ರಿಪೇರಿಗೆ ಹೋಗಿತ್ತು ಎಂದು ಅದರಲ್ಲಿ ಬರೆದಿತ್ತು. ಅದನ್ನು ತೆಗೆದುಕೊಂಡು ಹೋಗಲು ಸಿಸ್ಟರ್ ಲಿಲ್ಲಿ ಎಂಬ ಹಿರಿಯರು ಹಿರಿಯೂರಿನ ಪರಿಚಯದವರ ಕಾನ್ವೆಂಟಿಗೆ ಬಂದಿಳಿದರು. ಸಹಿ ಹಾಕದಿದ್ದರೆ ಕೇಂದ್ರದ ಪರವಾನಗಿ ಹೋಗುತ್ತದೆ, ಸುತ್ತಲಿನ ಹಳ್ಳಿಗಳಿಗೆಲ್ಲ ಇರುವುದು ಅದೊಂದೇ, ಯೋಚನೆ ಮಾಡು ಎಂದು ಫೋನಿನಲ್ಲಿ ಹೇಳಿದರು. ಮಾತು ಸುಳ್ಳಲ್ಲ. ಆದರೂ ನನಗೆ ಮೈ ಉರಿದುಹೋಯಿತು. ಇಡೀ ದಿನ ಬೈದೆ. ಸಂಜೆ ಸಹಿ ಹಾಕಿದೆ. ಹಳ್ಳಿಗಳ ನೆಪ ಹೇಳಿಕೊಂಡೆ. ನಿಜ ಏನೆಂದರೆ, ಜೀಪು ರಿಪೇರಿಗೆ ಹೋಗಿದ್ದರೆ ನಾನು ಯಾರಿಗೂ ಕೀ ಕೊಟ್ಟಿರಲಿಲ್ಲ ಎಂದಾಗುತ್ತದೆ.

ಮಾರನೆಯ ದಿನ ಬೆಳಗ್ಗೆ ಹೊರಟೆ. ಚಿತ್ರದುರ್ಗದ ಮೇಲೆ ಹೋಗಿದ್ದರೆ ಹಿರಿಯೂರನ್ನು ಬೇಗ ಮುಟ್ಟುತ್ತಿದ್ದೆ. ಲಿಲ್ಲಿ ಕಾಯಲಿ ಎಂದು ಬೇಕೆಂದೇ ಸುತ್ತು ದಾರಿ ಹಿಡಿದೆ. ಹೊಳಲ್ಕೆರೆಗೆ ಹೋಗಿ, ಅಲ್ಲಿಂದ ಹೊಸದುರ್ಗಕ್ಕೆ ಬಂದು, ಮಾರಿಕಣಿವೆಯ ಮೇಲೆ ಹಿರಿಯೂರಿಗೆ ಹೋಗುವ ಬಸ್ಸು ಹತ್ತಿದೆ. ಹೊಸದುರ್ಗದಲ್ಲಿ ಎರಡು ಇಡ್ಲಿ ತಿಂದಿದ್ದೆ, ನೀರಿನ ಬಾಟಲಿ ಇತ್ತು. ಬಿಸಿಲಿಗೆ ತಲೆ ಕೆಟ್ಟಿತ್ತು ಎನ್ನುವವರಿಗಾಗಿ ಇದನ್ನು ಹೇಳುತ್ತಿದ್ದೇನೆ.

ಮಾರಿಕಣಿವೆ ಇನ್ನು ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಾಗ ಬಸ್ಸು ಗರಗರ ಸದ್ದು ಮಾಡಿ ನಿಂತಿತು. ಮಧ್ಯಾಹ್ನ ಒಂದೂವರೆ ಇರಬಹುದು. ಕಂಡಕ್ಟರ್ ಇಳಿದು ನೋಡಿ ಬಂದ. "ಕ್ಲಚ್ ಹೋಗೈತೆ. ಹಿಂದೆ ಇನ್ನೊಂದು ಬಸ್ ಬರ್ತೈತೆ, ಅದ್ರಾಗೆ ಕಳಿಸ್ತೀನಿ. ಎಲ್ರೂ ಇಳ್ದು ನೆಳ್ಳಾಗೆ ಕುಂತ್ಕಳ್ರಿ" ಎಂದ.

ನೆರಳು ಎಂದರೆ ಒಂದೇ ಒಂದು ಹುಣಸೆ ಮರ. ಅದರ ಕೆಳಗೆ ಕುರಿ ಕಾಯುವ ಒಬ್ಬಳು ಅಜ್ಜಿ ಕೂತಿದ್ದಳು. ಸುತ್ತಲೂ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿಕೊಂಡು ನಿಂತಿದ್ದವು. ರಸ್ತೆಯ ಆಚೆ ಬದಿ ಜಾಲಿಯ ತುಣುಕು ನೆರಳಿನಲ್ಲಿ ಒಬ್ಬಳು ನಡುವಯಸ್ಸಿನ ಹೆಂಗಸು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಉಳಿದ ಪ್ರಯಾಣಿಕರು ಬಸ್ಸಿನ ಪಕ್ಕದ ನೆರಳಿಗೇ ಅಂಟಿಕೊಂಡರು. ಅವರ ಮಾತು ಕೇಳುವ ತಾಳ್ಮೆ ಇಲ್ಲದೆ ನಾನು ಮರದ ಕೆಳಗೆ ಹೋದೆ.

"ಬಾರವ್ವ, ಇತ್ಲಾಗೆ ಕುಂತ್ಕ" ಎಂದು ಅಜ್ಜಿ ಜಾಗ ಬಿಟ್ಟಳು. ಯಾವೂರು ಎಂದು ಕೇಳಿದಳು. ಚಿಕ್ಕಜಾಜೂರು ಎಂದೆ.

"ರೈಲಿನೂರು. ನಾನು ಒಂದ್ಸಲಾನೂ ರೈಲು ಹತ್ತಿಲ್ಲ ಕಣವ್ವ. ನಮ್ದು ಹರಿಯಬ್ಬೆ ತಾವ. ಡ್ಯಾಮಿನ ಹಿನ್ನೀರ ದಂಡ್ಯಾಗೆ ಮೇವೈತೆ ಅಂದ್ರು, ಕುರಿ ಹೊಡ್ಕಂಡು ಬಂದೀವಿ." ಆಮೇಲೆ ನನ್ನ ಬಾಟಲಿ ಕಡೆ ನೋಡಿ, "ಒಂದು ಗುಟುಕು ನೀರು ಕೊಡವ್ವ" ಎಂದಳು. ಕೊಟ್ಟೆ. ಬಾಯಿಗೆ ತಾಗಿಸದೆ ಎತ್ತಿ ಕುಡಿದು ವಾಪಸು ಕೊಟ್ಟಳು. "ಮಕ್ಕಳೆಷ್ಟು?" ಎಂದಳು. ಇಲ್ಲ ಎಂದು ಮುಖ ತಿರುಗಿಸಿಕೊಂಡೆ. ಆ ಪ್ರಶ್ನೆಗೂ ನನಗೆ ಸಿಟ್ಟು ಬಂತು. ಅಜ್ಜಿ ಕುರಿಗಳ ಕಡೆ ತಿರುಗಿದಳು. ನಾನು ಚೀಲದಲ್ಲಿದ್ದ ಹೇಳಿಕೆಯ ಕಾಗದ ಮಡಿಕೆ ಬಿದ್ದಿದೆಯೇನೋ ಎಂದು ಕೈಹಾಕಿ ಮುಟ್ಟಿ ನೋಡಿದೆ.

ಆಗ ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟಳು. ಎರಡೂ ಕೈ ನೆಲಕ್ಕೆ ಊರಿ ಕಷ್ಟಪಟ್ಟು ಮೈ ತಿರುಗಿಸಿ ನನ್ನ ಎದುರಿಗೆ ಮಂಡಿಯೂರಿದಳು. ಅಂಗೈಗಳನ್ನು ಬೊಗಸೆ ಮಾಡಿ ಎರಡು ಸಲ ಮೆಲ್ಲಗೆ ತಟ್ಟಿದಳು.

"ಮಾಕಿಯಿ ಅಲಿ ಕುತಿ, ಸಿಸಿತೆರಿ?"

ದನಿ ಅವಳದೇ. ಮುದುಕಿಯ ಒಡಕು ದನಿ. ಕಣ್ಣು ಮೇಲೆ ಹೋಗಿರಲಿಲ್ಲ, ಮೈ ನಡುಗಿರಲಿಲ್ಲ. ಅಂಗಡಿಯಲ್ಲಿ ಏನೋ ಕೇಳುವವರ ಹಾಗೆ ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು. ನನ್ನ ಬಾಯಿ ತಾನಾಗಿಯೇ ಉತ್ತರ ಕೊಟ್ಟಿತು. "ನ್ದಿನಪೆರೆಕಾ" ಎಂದೆ. ಕೊಟ್ಟುಬಿಟ್ಟೆ. ಹನ್ನೊಂದು ವರ್ಷ ಆಡಿದ ಭಾಷೆ, ಊರಿಗೆ ಬಂದ ಮೇಲೆ ಒಂದು ದಿನವೂ ಆಡಿರಲಿಲ್ಲ.

ಅಜ್ಜಿ ತಲೆ ಆಡಿಸಿದಳು. ಮತ್ತೆ ಕೈ ಊರಿ, ಉಸ್ಸೆಂದು ಮೊದಲಿನ ಹಾಗೆ ಕೂತು ಕೋಲು ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಏನಂದ್ಯವ್ವ?" ಎಂದಳು.

ನನಗೆ ಭಯ ಆಗಬೇಕಿತ್ತು. ಆಗಲಿಲ್ಲ. ರೋಷ ಉಕ್ಕಿ ಬಂತು. ಯಾರೋ ಇವಳಿಗೆ ಹೇಳಿಕೊಟ್ಟಿದ್ದಾರೆ, ನನ್ನನ್ನು ಪರೀಕ್ಷೆ ಮಾಡಲು ಇಲ್ಲಿ ಕೂರಿಸಿದ್ದಾರೆ ಎಂದೇ ಅನ್ನಿಸಿತು. ಬಸ್ಸು ಅಲ್ಲೇ ಕೆಡುತ್ತದೆಂದು ಯಾರಿಗೆ ಗೊತ್ತಿತ್ತು ಎಂದು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ಅವಳ ರಟ್ಟೆ ಹಿಡಿದು ಅಲ್ಲಾಡಿಸಿದೆ. ಯಾರು ಕಲಿಸಿದರು ನಿನಗೆ, ಲಿಲ್ಲಿ ಕಳಿಸಿದಳಾ, ಬಾಯಿ ಬಿಡು ಎಂದು ಕೂಗಿದೆ. ಕುರಿಗಳು ಬೆದರಿ ಚದುರಿದವು. ಕಂಡಕ್ಟರ್ ಓಡಿ ಬಂದು ನನ್ನ ಕೈ ಬಿಡಿಸಿದ.

"ಏನ್ ಮೇಡಂ ನೀವು, ವಯಸ್ಸಾದೋರ ಮೇಲೆ ಕೈ ಮಾಡ್ತೀರಲ್ಲ. ಬಿಡ್ರಿ."

"ಇವಳು ಏನಂದಳು ಕೇಳು" ಎಂದೆ.

"ಏನಂದೆ ನಾನು?" ಅಜ್ಜಿಗೂ ಸಿಟ್ಟು ಬಂದಿತ್ತು. "ನೀರು ಕೇಳ್ದೆ, ಕೊಟ್ಟೆ, ಕುಡ್ದೆ. ಮಕ್ಕಳೆಷ್ಟು ಅಂದೆ. ಅಷ್ಟಕ್ಕೆ ಹೊಡಿಯಾಕೆ ಬರ್ತೀಯಲ್ಲ, ಎಂಥಾ ಹೆಣ್ಣು ನೀನು."

ಅವಳು ಹೇಳಿದ್ದು ಕನ್ನಡವಲ್ಲ ಎಂದೆ. ಕಂಡಕ್ಟರ್ ತಲೆ ಕೆರೆದುಕೊಂಡ. "ನಂಗೂ ಏನೋ ತೆಲುಗು ಅಂದಂಗೆ ಕೇಳ್ತು. ಅವರ ಕಡೆ ಆಂಧ್ರ ಹತ್ರ, ಬಾಯಾಗೆ ಬರ್ತೈತೆ" ಎಂದ. ಅಷ್ಟರಲ್ಲಿ ಬಸ್ಸಿನ ನೆರಳಿನಲ್ಲಿದ್ದ ಒಬ್ಬ ರೈತ, ಈ ಕುರಿಯವರ ಪರಿಚಯ ಇದ್ದವನು, ನಕ್ಕು ಬಗೆಹರಿಸಿದ. "ಅಯ್ಯೋ, ಆ ಕಡೆ ಕುಂತಾಕಿ ಇವಳ ಸೊಸೆ ಮಾಕಮ್ಮ. 'ಮಾಕಿ, ಅಲ್ಲಿ ಕುಂತಿ' ಅಂತ ಕರ್ದಿರ್ತಾಳೆ. ಅದಕ್ಯಾಕೆ ಇಷ್ಟು ಗಲಾಟೆ."

ಮಾಕಿ ಅಲ್ಲಿ ಕುಂತಿ. ಮಾಕಿಯಿ ಅಲಿ ಕುತಿ. ಎರಡನ್ನೂ ನೀವೇ ಬಾಯಿಬಿಟ್ಟು ಹೇಳಿ ನೋಡಿ. ನನ್ನ ರೋಷ ಒಂದೇ ಸಲಕ್ಕೆ ಇಳಿದುಹೋಯಿತು. ಅಷ್ಟು ಜನರ ಮುಂದೆ ಮುದುಕಿಯ ಮೈಮುಟ್ಟಿದ್ದಕ್ಕೆ ನಾಚಿಕೆಯಾಯಿತು. ತಪ್ಪಾಯಿತು ಅಜ್ಜಿ ಎಂದೆ. ಅವಳು ಸೆರಗು ಕೊಡವಿಕೊಂಡು ಕುರಿ ಕೂಡಿಸಲು ಎದ್ದು ಹೋದಳು. ನಾನು ನರ್ಸ್. ತಲೆಯೊಳಗೆ ಒಂದು ಮಾತು ಕೊರೆಯುತ್ತಿದ್ದರೆ ಕಿವಿ ಅದನ್ನೇ ಕೇಳಿಸಿಕೊಳ್ಳುತ್ತದೆ ಎಂದು ನನಗೆ ಗೊತ್ತು. ಹಾಗೇ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಕಾಗದ ಚೀಲದಲ್ಲೇ ಇತ್ತು.

ಇನ್ನೊಂದು ಬಸ್ಸು ಬಂತು. ಎಲ್ಲರೂ ನುಗ್ಗಿದರು. ನಾನು ಕೊನೆಯಲ್ಲಿ ನಿಂತಿದ್ದಾಗ ಆ ಸೊಸೆ ಮಾಕಮ್ಮ, ಮರಿಯನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿ ನನ್ನ ಹತ್ತಿರ ಬಂದಳು. ಅತ್ತೆಗೆ ಕೇಳಿಸಬಾರದೆಂದು ಮೆಲ್ಲಗೆ ಮಾತಾಡಿದಳು.

"ಅಕ್ಕಾ, ನಮ್ಮತ್ತೆ ನನ್ನ ಕರೀಲಿಲ್ಲ. ನನ್ ಕೂಡ ಮಾತು ಬಿಟ್ಟು ಎರಡು ವರ್ಷ ಆತು. ಏನು ಬೇಕಾದ್ರೂ ನಮ್ಮ ಯಜಮಾನ್ರ ಕೈಲಿ ಹೇಳಿಸ್ತಾರೆ."

"ಹಾಗಾದರೆ ಏನಂದರು?"

"ಅದು ತಿಳೀಲಿಲ್ಲ. ಆದ್ರೆ ನಿಮ್ಮ ಮುಂದೆ ಮಂಡಿ ಊರಿದ್ದು ನೋಡ್ದೆ. ಅವರಿಗೆ ಮಂಡಿ ನೋವು ಅಕ್ಕಾ. ದೇವ್ರ ಮುಂದೂ ನಿಂತೇ ಕೈ ಮುಗೀತಾರೆ. ನಾನು ಮದುವೆಯಾಗಿ ಬಂದಾಗಿಂದ ಅವರು ಮಂಡಿ ಊರಿದ್ದು ನೋಡೇ ಇಲ್ಲ."

ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸು ಹತ್ತಿದೆ.

ಹಿರಿಯೂರು ಮುಟ್ಟಿದಾಗ ಮೂರು ದಾಟಿತ್ತು. ಸಿಸ್ಟರ್ ಲಿಲ್ಲಿ ಊಟ ಮುಚ್ಚಿಟ್ಟು ಕಾಯುತ್ತಿದ್ದರು. ನಾನು ಊಟಕ್ಕೆ ಕೂರಲಿಲ್ಲ. ಒಂದು ಬಿಳಿ ಹಾಳೆ ಕೊಡಿ ಎಂದೆ. ಕೀ ಎಲ್ಲಿತ್ತು, ಯಾರು ಕೇಳಿದರು, ಯಾರು ಕೊಟ್ಟರು, ಅಮಾಯಿ ಫಿರಿ ಬಂದು ಕೇಳಿದಾಗ ನಾನೇನೆಂದೆ, ಎಲ್ಲವನ್ನೂ ಬರೆದು ಸಹಿ ಹಾಕಿದೆ. ಮೊದಲಿನ ಹೇಳಿಕೆಯನ್ನು ಹರಿದು ಅವರ ಮೇಜಿನ ಮೇಲೇ ಇಟ್ಟೆ.

ಅವರು ಎರಡು ಸಲ ಓದಿದರು. ಕೆಟ್ಟ ಹೆಂಗಸಲ್ಲ ಅವರು. "ಇದರಲ್ಲಿ ನೀನೂ ಸಿಕ್ಕಿಹಾಕಿಕೊಳ್ಳುತ್ತೀಯ, ಗೊತ್ತಾ?" ಎಂದರು.

"ಗೊತ್ತು."

"ಕೇಂದ್ರ ಮುಚ್ಚಿದರೆ ಆ ಹಳ್ಳಿಗಳ ಹೆಂಗಸರು ಎಲ್ಲಿಗೆ ಹೋಗಬೇಕು?"

ನಾನು ಜೋರಾಗಿ ಕೂಗಾಡಿದೆ. ಆ ಯೋಚನೆ ಜೀಪು ದಾನಿಗಳಿಗೆ ಕಳಿಸುವಾಗ ಬರಬೇಕಿತ್ತು ಎಂದೆ. ಹುಣಸೆ ಮರದ ಕೆಳಗಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ನನ್ನ ತಲೆ ಸರಿ ಇಲ್ಲ ಎಂದು ಆ ಹಾಳೆಯನ್ನು ಬದಿಗಿಡಲು ಅವರಿಗೆ ಅನುಕೂಲವಾಗುತ್ತಿತ್ತು.

ಕೇಂದ್ರವನ್ನು ಕೆಲವು ತಿಂಗಳು ಮುಚ್ಚಿದರು. ಆ ತಿಂಗಳುಗಳಲ್ಲಿ ಎಷ್ಟು ಹೆಂಗಸರು ಕಷ್ಟಪಟ್ಟರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಈ ಸಲ ನಿಜ. ಆಮೇಲೆ ಅಲ್ಲಿನ ಸರ್ಕಾರವೇ ಅದನ್ನು ತೆಗೆದುಕೊಂಡು ನಡೆಸಿತು. ಮದರ್ ಅವರಿಗೆ ಬೇರೆ ದೇಶಕ್ಕೆ ವರ್ಗವಾಯಿತು, ಅಷ್ಟೇ ಶಿಕ್ಷೆ. ನನ್ನನ್ನು ಬಿಡಿಸಿದರು ಎನ್ನಬೇಕೋ ನಾನೇ ಬಿಟ್ಟೆ ಎನ್ನಬೇಕೋ, ಸಭೆಗೂ ನನಗೂ ಒಬ್ಬರ ಮುಖ ಒಬ್ಬರಿಗೆ ಬೇಡವಾಗಿತ್ತು. ಈಗ ಹೊಸದುರ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆರಿಗೆ ವಾರ್ಡೇ ಬೇಕೆಂದು ಕೇಳಿ ತೆಗೆದುಕೊಂಡೆ.

ಮಲಾವಿಯ ಆ ಕೇಂದ್ರದ ಕಾವಲುಗಾರನ ಫೋನಿಗೆ ಕರೆ ಮಾಡಿ ಅಮಾಯಿ ಫಿರಿ ಅವರನ್ನು ಕರೆಸಿ, ಅವತ್ತು ನಾನು ಸುಳ್ಳು ಹೇಳಿದೆ ಎಂದು ಅವರ ಭಾಷೆಯಲ್ಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫೋನು ಇಟ್ಟರು. ಮತ್ತೆ ಮೂರು ಸಲ ಮಾಡಿದೆ. ಆಕೆ ಮಾತಾಡುವುದಿಲ್ಲವಂತೆ ಎಂದು ಕಾವಲುಗಾರ ಹೇಳಿದ. ಅದು ಅವರ ಹಕ್ಕು. ಆಮೇಲೆ ನಾನು ಕಾಡಿಸಲಿಲ್ಲ.

ಮುಂದಿನ ವರ್ಷ ವಿಳಾಸ ಹುಡುಕಿಕೊಂಡು ಹರಿಯಬ್ಬೆಯ ಕಡೆ ಹೋದೆ. ಅಜ್ಜಿ ನನ್ನನ್ನು ಕಂಡೊಡನೆ ಗುರುತು ಹಿಡಿದಳು. "ಜಗಳಗಂಟಿ ಬಂದ್ಲು ನೋಡು" ಎಂದು ಗೋಡೆಗೆ ಹೇಳುವವಳ ಹಾಗೆ ಹೇಳಿದಳು. ಸೊಸೆ ಮಜ್ಜಿಗೆ ತಂದುಕೊಟ್ಟಳು. ಅತ್ತೆ ಸೊಸೆ ಇನ್ನೂ ಮಾತು ಬಿಟ್ಟೇ ಇದ್ದರು. ಅವತ್ತು ನೀನು ಹೀಗಂದೆಯಾ ಎಂದು ಆ ಮಾತನ್ನು ಅಜ್ಜಿಯ ಮುಂದೆ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಎರಡು ಸಲ ಪ್ರಯತ್ನಿಸಿದಳು. ನಾಲಿಗೆ ಹೊರಳಲಿಲ್ಲ. "ಅಂದಿಲ್ಲ ಅಂದ್ಮೇಲೆ ಅಂದಿಲ್ಲ ಕಣವ್ವ. ಎಷ್ಟು ಸಲ ಕೇಳ್ತೀಯ" ಎಂದು ರೇಗಿದಳು. ಆಫ್ರಿಕಾ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಳ್ಳಾರಿಯ ಆಚೆಗಾ ಎಂದು ಕೇಳಿದಳು.

ನಮ್ಮ ನರ್ಸಿಂಗ್ ಹೋಮಿನ ಡಾಕ್ಟರಿಗೆ ಒಮ್ಮೆ ಹೇಳಿದೆ. ಮನಸ್ಸಿನ ಭಾರ, ಬಿಸಿಲು, ಒಂದಕ್ಕೊಂದು ಹೋಲುವ ಸದ್ದು ಎಂದರು. ಅವರು ಹೇಳಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಸಿಸಿತೆರಿ ಎಂಬ ಮಾತಿಗೆ ಹೋಲುವ ಕನ್ನಡ ಶಬ್ದ ಯಾವುದು ಎಂದು ಹುಡುಕಿ ಹುಡುಕಿ ಸೋತಿದ್ದೇನೆ. ಆ ನೋಯುವ ಮಂಡಿಗಳನ್ನು ಸೊಸೆಯೂ ಕಂಡಳಲ್ಲ, ಅದನ್ನು ಏನು ಮಾಡಲಿ?

ನನ್ನ ಸಿಟ್ಟು ಇಳಿದಿಲ್ಲ. ಅದು ಯಾರ ಕಡೆಯಿಂದಾದರೂ ಬಂದದ್ದೇ ಆಗಿದ್ದರೆ, ಅವರನ್ನು ಕೇಳಬೇಕಾದ್ದಿದೆ. ಒಂದು ಮಾತನ್ನು ಅಷ್ಟು ಸಮುದ್ರ ದಾಟಿಸಿ, ಬಸ್ಸು ಕೆಡಿಸಿ, ಒಬ್ಬಳು ಕುರುಬರ ಅಜ್ಜಿಯ ಬಾಯಲ್ಲಿಟ್ಟು ನನಗೆ ಮುಟ್ಟಿಸಬಲ್ಲವನಿಗೆ, ಅವತ್ತು ಹನ್ನೊಂದು ಗಂಟೆಗೆ ನಲವತ್ತು ಕಿಲೋಮೀಟರ್ ದಾರಿಗೆ ಒಂದು ಗಾಡಿ ಕಳಿಸಲು ಏನಾಗಿತ್ತು? ನನ್ನ ತಪ್ಪನ್ನು ಹುಡುಕಿಕೊಂಡು ಮಾರಿಕಣಿವೆಯವರೆಗೆ ಬರಲು ಪುರುಸೊತ್ತಿತ್ತು, ಚಿಸೋಮೊಗೆ ಇರಲಿಲ್ಲವೇ? ಚಪ್ಪಾಳೆ ತಟ್ಟಿದವರು ಯಾರೂ ಇದನ್ನು ಕೇಳಲಿಲ್ಲ.

ನಿನಗೆ ಮತ್ತೆ ನಂಬಿಕೆ ಬಂತೇನೇ ಎಂದು ಅವ್ವ ಆಗಾಗ ಕೇಳುತ್ತಾಳೆ. ಅದನ್ನು ನಂಬಿಕೆ ಎನ್ನಬಹುದೋ ಏನೋ ತಿಳಿಯದು. ಊರಿಗೆ ಬಂದ ಆ ತಿಂಗಳುಗಳಲ್ಲಿ ಮೇಲೆ ಯಾರೂ ಇಲ್ಲ ಎಂದು ಸುಮ್ಮನಿದ್ದೆ. ಈಗ ಡ್ಯೂಟಿಗೆ ಹೋಗುವ ಮುಂಚೆ ದಿನಾ ಬೆಳಗ್ಗೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತೇನೆ. ಜಪ ಮಾಡುವುದಿಲ್ಲ. ಅವತ್ತು ಗಾಡಿ ಯಾಕೆ ಕಳಿಸಲಿಲ್ಲ ಎಂಬ ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುತ್ತೇನೆ, ಅಡುಗೆಮನೆಯಲ್ಲಿರುವ ಅವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಉತ್ತರ ಬಂದಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಕಾಯುತ್ತೇನೆ.